ಎಲ್ಲಿಗೂ ಹೋಗದ ಪೈಪು

2014ರ ಬೇಸಿಗೆಯಲ್ಲಿ ಅಪ್ಪ ಅಮ್ಮ ನಮ್ಮನೆಗೆ, ಅಂದ್ರೆ ಡೆನ್ವರ್‌ಗೆ ಬಂದಿದ್ರು. ಬಂದು ನಾಲ್ಕೈದು ದಿನ ಆಗಿ ಜೆಟ್‌ಲ್ಯಾಗ್ ಎಲ್ಲ ಕಳೆದ ಮೇಲೆ ಒಂದು ಸಂಜೆ ಅಪ್ಪ ಬೇಸ್‌ಮೆಂಟಿಗೆ ಇಳಿದು ನನ್ನ ಕೆಲಸದ ಮೇಜಿನ ಪಕ್ಕ ಬಂದು ಕೂತ್ರು. ಮೇಜಿನ ಮೇಲೆ ನನ್ನ ಕೆ-27 ಇತ್ತು. ಹಿತ್ತಾಳೆಯ ಸ್ಟೀಮ್ ಎಂಜಿನ್ ಮಾಡೆಲ್ಲು, ಕಲ್ಲಿದ್ದಲು ನೀರು ಹೊರೋ ಟೆಂಡರ್ ಸೇರಿ ಹೆಚ್ಚು ಕಮ್ಮಿ ಒಂದು ಗೇಣು ಉದ್ದ, ಬಣ್ಣ ಹೊಡೆದಿರ್ಲಿಲ್ಲ, ದೀಪದ ಬೆಳಕಲ್ಲಿ ದೇವರ ಮನೆ ಸಾಮಾನಿನ ಹಾಗೆ ಹೊಳೀತಿತ್ತು. ಅಪ್ಪ ಕನ್ನಡಕ ಹಾಕ್ಕೊಂಡು ಎರಡೂ ಕೈಯಲ್ಲಿ ಎತ್ತಿ, ಆ ಕಡೆ ಈ ಕಡೆ ತಿರುಗಿಸಿ, ಒಂದು ಹತ್ತು ನಿಮಿಷ ಮಾತೇ ಆಡದೆ ನೋಡಿದ್ರು. ಮೈಸೂರು ಲೋಕೋ ಶೆಡ್‌ನಲ್ಲಿ ಫಿಟ್ಟರ್ ಆಗಿದ್ದೋರು ಅವರು, ಮೀಟರ್‌ಗೇಜ್ ಸ್ಟೀಮ್ ಮುಗಿಯೋ ತನಕ ಅಲ್ಲೇ ಇದ್ದು ಆಮೇಲೆ ಅಶೋಕಪುರಂ ವರ್ಕ್‌ಶಾಪಿಗೆ ಹೋದೋರು. ಏನಾದ್ರೂ ಹೇಳ್ತಾರೆ, ಚೆನ್ನಾಗಿದೆ ಅಂತಾರೆ ಅಂತ ನಾನು ಕಾಯ್ತಾ ಇದ್ದೆ. ಅವರು ಬ್ರೇಕಿಗೆ ಗಾಳಿ ಒತ್ತಿ ಕೊಡೋ ಏರ್ ಪಂಪ್‌ನ ಬುಡದ ಹತ್ರ ಕಿರುಬೆರಳಿನ ಉಗುರು ಇಟ್ಟು ಕೇಳಿದ್ದು ಒಂದೇ ಮಾತು: "ಈ ಪೈಪು ಎಲ್ಲಿಗೆ ಹೋಗತ್ತೋ?"

ನಾನೂ ಬಗ್ಗಿ ನೋಡ್ದೆ. ಪಂಪ್‌ನ ಕೆಳಗಡೆಯಿಂದ ಹೊರಟ ತಂತಿ ಚೆಂದಕ್ಕೆ ಬಾಗಿ, ರನ್ನಿಂಗ್ ಬೋರ್ಡ್ ಕೆಳಗೆ ನುಗ್ಗಿ, ಅಲ್ಲೇ ನಿಂತು ಹೋಗಿತ್ತು. ಮುಂದೆ ಏನೂ ಇಲ್ಲ. ಬರೀ ಗಾಳಿ. ಎಂಟು ವರ್ಷದಿಂದ ಆ ಮಾಡೆಲ್ ನನ್ನ ಹತ್ರ ಇತ್ತು, ಎಷ್ಟೋ ರಾತ್ರಿ ಅದರ ಮುಂದೆ ಕೂತು ಸೂಪರ್‌ಡೀಟೇಲಿಂಗ್ ಅಂತ ಏನೇನೋ ಸೇರಿಸಿದ್ದೆ, ಹೊಸ ಗಂಟೆ, ಹೊಸ ವಿಷಲ್, ಸಣ್ಣ ಸಣ್ಣ ವಾಲ್ವ್‌ಗಳು, ಹೆಡ್‌ಲೈಟಿಗೆ ಹೋಗೋ ಕಾಂಡ್ಯೂಟ್, ಆದ್ರೆ ಆ ಪೈಪು ಎಲ್ಲಿ ಮುಗಿಯತ್ತೆ ಅಂತ ಒಂದು ಸಲಾನೂ ಕೇಳ್ಕೊಂಡಿರ್ಲಿಲ್ಲ. ಗೊತ್ತಿಲ್ಲ ಅಪ್ಪ, ಮಾಡ್ದೋರು ಅಷ್ಟಕ್ಕೇ ಬಿಟ್ಟಿದ್ದಾರೆ ಅಂದೆ. ಅಪ್ಪ ಎಂಜಿನ್ನನ್ನ ಹುಷಾರಾಗಿ ಸ್ಪಂಜಿನ ಮೇಲೆ ಮಲಗಿಸಿ, "ನಮ್ಮ ಮೀಟರ್‌ಗೇಜ್ ವೈಪಿ ಎಂಜಿನ್ನಲ್ಲಿ ಈ ಪಂಪೇ ಇರ್ಲಿಲ್ಲ, ಅದಕ್ಕೆ ಕೇಳ್ದೆ. ನಮ್ದು ವ್ಯಾಕ್ಯೂಮ್ ಬ್ರೇಕು, ಪೈಪಿನ ಗಾಳಿ ಹೊರಗೆಳೆಯೋ ಎಜೆಕ್ಟರ್ ಇರ್ತಿತ್ತು. ಆದ್ರೆ ಎಂಜಿನ್ ಮೇಲೆ ಸುಮ್ನೆ ಇರೋ ಪೈಪು ಅಂತ ಒಂದೂ ಇರಲ್ಲ ಕಣೋ" ಅಂದ್ರು. ಆ ಮಾತು ತಲೇಲಿ ಕೂತಿದ್ದು ಇವತ್ತಿಗೂ ಎದ್ದು ಹೋಗಿಲ್ಲ, ಈ ಬರಹ ಅದರ ಬಗ್ಗೇನೇ.

ಡಬ್ಬಿಯಲ್ಲಿ ಬಂದ ಎಂಜಿನ್

ಈ ಹವ್ಯಾಸ ಇಲ್ಲದೋರಿಗೆ ಸ್ವಲ್ಪ ಹೇಳ್ಬೇಕು. ಕೆ-27 ಅನ್ನೋದು ಡೆನ್ವರ್ ಅಂಡ್ ರಿಯೋ ಗ್ರಾಂಡೆ ರೈಲ್ವೆಯ ಮೂರು ಅಡಿ ಗೇಜಿನ ಎಂಜಿನ್, ಕೊಲರಾಡೋ ಬೆಟ್ಟಗಳಲ್ಲಿ ಓಡ್ತಿದ್ದದ್ದು. 1903ರಲ್ಲಿ ಫಿಲಡೆಲ್ಫಿಯಾದ ಬಾಲ್ಡ್ವಿನ್ ಕಾರ್ಖಾನೆ ಒಟ್ಟು 15 ಮಾಡಿಕೊಡ್ತು. ಕೆ ಅಂದ್ರೆ ಮಿಕಾಡೋ, ಮುಂದೆ ಎರಡು ಸಣ್ಣ ಚಕ್ರ, ಮಧ್ಯೆ ಎಂಟು ದೊಡ್ಡದು, ಹಿಂದೆ ಎರಡು. 27 ಅಂದ್ರೆ ಅದು ಎಳೆಯೋ ಶಕ್ತಿ 27,000 ಪೌಂಡ್. ಫ್ರೇಮು ಚಕ್ರದ ಹೊರಗಡೆ ಇರೋದ್ರಿಂದ ಓಡುವಾಗ ತೂಕ ಸರಿತೂಗಿಸೋ ಕೌಂಟರ್‌ವೇಟುಗಳು ಹೊರಗೆ ತಿರುಗೋದು ಕಾಣತ್ತೆ, ಹಳೇ ಮೆತ್ತನೆ ಹಳಿಗಳ ಮೇಲೆ ಬಾತುಕೋಳಿ ಥರ ಓಲಾಡ್ಕೊಂಡು ಹೋಗ್ತಿತ್ತಂತೆ, ಅದಕ್ಕೆ ಮಡ್‌ಹೆನ್ ಅಂತ ಅಡ್ಡಹೆಸರು. ಆ 15ರಲ್ಲಿ ಈಗ ಉಳಿದಿರೋದು ಎರಡೇ, 463 ಮತ್ತೆ 464. ಅಪ್ಪನಿಗೆ ಇದನ್ನೆಲ್ಲ ಹೇಳಿದಾಗ ಅವರಿಗೆ ಇಷ್ಟ ಆಗಿದ್ದು ಎರಡು ವಿಷ್ಯ. ಒಂದು, ಮೂರು ಅಡಿ ಅಂದ್ರೆ 914 ಮಿಲಿಮೀಟರು, ನಮ್ಮ ಮೀಟರ್‌ಗೇಜಿಗಿಂತ 86 ಮಿಲಿಮೀಟರ್ ಮಾತ್ರ ಕಮ್ಮಿ. ಇನ್ನೊಂದು, ಅವರು ಜೀವಮಾನ ಪೂರ್ತಿ ಕೈ ಮಸಿ ಮಾಡ್ಕೊಂಡ ವೈಪಿ ಎಂಜಿನ್ನಿನ ಮೊದಲ 20 ಬಂದಿದ್ದೂ ಅದೇ ಬಾಲ್ಡ್ವಿನ್‌ನಿಂದ. "ಹಾಗಾದ್ರೆ ದಾಯಾದಿಗಳು" ಅಂದ್ರು.

ನನ್ನ ಮಾಡೆಲ್ ಇದನ್ನ 87ರಲ್ಲಿ ಒಂದು ಪಾಲಿಗೆ ಇಳಿಸಿದ್ದು, ಹಳಿಗಳ ಮಧ್ಯೆ ಹತ್ತೂವರೆ ಮಿಲಿಮೀಟರು. 1970ರ ದಶಕದಲ್ಲಿ ಜಪಾನ್‌ನಲ್ಲಿ ಕೈಯಲ್ಲೇ ಮಾಡಿದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನ್‌ನಲ್ಲಿದ್ದ ಅಮೆರಿಕದ ಸೈನಿಕರು ಅಲ್ಲಿನ ಸಣ್ಣ ಸಣ್ಣ ಕಾರ್ಖಾನೆಗಳ ಕೆಲಸ ನೋಡಿ ಬೆರಗಾಗಿ ಶುರುವಾದ ವ್ಯಾಪಾರ ಇದು, ಆಮೇಲೆ ಯೆನ್ ಬೆಲೆ ಏರಿದ ಹಾಗೆ ಕೆಲಸ ನಿಧಾನಕ್ಕೆ ಕೊರಿಯಾಗೆ ಹೋಯ್ತು. ಹಿತ್ತಾಳೆ ತಗಡು ಸುತ್ತಿ ಬಾಯ್ಲರ್, ಎರಕದ ಬಿಡಿಭಾಗ, ತಂತಿಯ ಪೈಪುಗಳು, ಎಲ್ಲಾ ಒಂದೊಂದಾಗಿ ಬೆಸುಗೆ ಹಾಕಿ ಜೋಡಿಸಿರೋದು. ಯಾರು ಮಾಡಿದ್ರು ಅಂತ ಡಬ್ಬಿ ಮೇಲೆ ಹೆಸರಿರಲ್ಲ. ಒಂದು ಫೋಟೋ ಮತ್ತೆ ಒಂದು ನಕ್ಷೆ ಮುಂದಿಟ್ಕೊಂಡು, ಜೀವನದಲ್ಲಿ ಒಂದು ಸಲಾನೂ ನೋಡಿರದ ಯಾವುದೋ ದೇಶದ ಬೆಟ್ಟದ ಎಂಜಿನ್ನನ್ನ ಅಷ್ಟು ಚೊಕ್ಕವಾಗಿ ಮಾಡಿದ್ದಾರಲ್ಲ, ಅದನ್ನ ಯೋಚಿಸಿದಾಗೆಲ್ಲ ನಂಗೆ ಮೈ ಜುಮ್ಮನ್ನತ್ತೆ. ಫೋಟೋದಲ್ಲಿ ಕಂಡಷ್ಟು ಪೈಪು ಹಾಕಿದ್ರು, ಫೋಟೋದಲ್ಲಿ ರನ್ನಿಂಗ್ ಬೋರ್ಡಿನ ನೆರಳು ಶುರುವಾಗೋ ಕಡೆ ಪೈಪು ನಿಲ್ಲಿಸಿದ್ರು. ಅವರನ್ನ ತಪ್ಪು ಅನ್ನೋಕೆ ನಂಗೆ ಬಾಯಿ ಬರಲ್ಲ, ನೋಡಿದಷ್ಟನ್ನ ಅವರು ಪ್ರಾಮಾಣಿಕವಾಗಿ ಮಾಡಿದ್ರು.

ಆದ್ರೆ ನಾನು? ನನಗೆ ನಿಜವಾದ ಎಂಜಿನ್ ಐದಾರು ಗಂಟೆ ಡ್ರೈವ್‌ನಷ್ಟು ಹತ್ರದಲ್ಲೇ ಇತ್ತು.

ಚಾಮಾ, ಬೆಳಗಿನ ಆರು ಗಂಟೆ

ಅಲ್ಲಿಗೇ ಕರ್ಕೊಂಡು ಹೋದೆ. ಹಿಂದಿನ ದಿನವೇ ಹೋಗಿ ಉಳ್ಕೊಂಡು, ಬೆಳಗಾಗ್ತಿದ್ದ ಹಾಗೆ ನ್ಯೂ ಮೆಕ್ಸಿಕೋದ ಚಾಮಾ ಯಾರ್ಡಿಗೆ ಹೋದ್ವಿ. ರಿಯೋ ಗ್ರಾಂಡೆ ಈ ಲೈನನ್ನ ಕೈಬಿಟ್ಟಾಗ ಕೊಲರಾಡೋ ಮತ್ತೆ ನ್ಯೂ ಮೆಕ್ಸಿಕೋ ಎರಡೂ ರಾಜ್ಯ ಸೇರಿ 1970ರಲ್ಲಿ ಚಾಮಾದಿಂದ ಆಂಟೊನಿಟೋ ತನಕ 64 ಮೈಲಿ ಹಳಿ ಕೊಂಡ್ಕೊಂಡ್ವು, ಕುಂಬ್ರೆಸ್ ಅಂಡ್ ಟಾಲ್ಟೆಕ್ ಅಂತ ಈಗಲೂ ಓಡ್ತಿದೆ. ಚಾಮಾ ಬಿಟ್ಟ ತಕ್ಷಣ 4 ಪರ್ಸೆಂಟ್ ಏರು, ಅಂದ್ರೆ ನೂರಡಿ ಹೋದ್ರೆ ನಾಲ್ಕಡಿ ಮೇಲೆ, 10,015 ಅಡಿ ಎತ್ತರದ ಕುಂಬ್ರೆಸ್ ಪಾಸ್ ತನಕ. ಯಾರ್ಡಲ್ಲಿ ಓಡಾಡೋಕೆ ಬಿಡ್ತಾರೆ, ಅದೇ ದೊಡ್ಡ ಪುಣ್ಯ. ಕಲ್ಲಿದ್ದಲ ಹೊಗೆ, ಒದ್ದೆ ಬೂದಿ, ಬಿಸಿ ಎಣ್ಣೆ ಎಲ್ಲಾ ಸೇರಿದ ಆ ವಾಸನೆ ಮೂಗಿಗೆ ಬಡೀತಿದ್ದ ಹಾಗೆ ಅಪ್ಪ ನಿಂತ್ಬಿಟ್ರು. ಒಂದು ನಿಮಿಷ ಹಾಗೇ ನಿಂತಿದ್ರು. ಅಮ್ಮ ನನ್ನ ಕಡೆ ನೋಡಿದ್ರು, ನಾನು ಏನೂ ಮಾತಾಡ್ಲಿಲ್ಲ.

463ಗೆ ಆಗಷ್ಟೇ ಬೆಂಕಿ ಏರಿಸ್ತಿದ್ರು. ಈ ಎಂಜಿನ್ 1955ರಲ್ಲಿ ಜೀನ್ ಆಟ್ರಿ ಅನ್ನೋ ಸಿನಿಮಾ ನಟನಿಗೆ ಮಾರಾಟ ಆಗಿ, ಆಮೇಲೆ ಆಂಟೊನಿಟೋ ಊರಿಗೆ ದಾನವಾಗಿ ಬಂದು, ರಿಪೇರಿಯಾಗಿ ಮತ್ತೆ ಹಳಿ ಹತ್ತಿದ್ದು. ಅಪ್ಪ ಅದರ ಪಕ್ಕ ಹೋಗಿ ನಿಂತು ಪಂಪಿನಿಂದ ಶುರು ಮಾಡಿದ್ರು. ಕ್ಯಾಬಿನಿಂದ ಬರೋ ಸ್ಟೀಮ್ ಪೈಪು, ಮಧ್ಯೆ ಗವರ್ನರ್, ಪಂಪು, ಕೆಲಸ ಮುಗಿದ ಸ್ಟೀಮು ಸ್ಮೋಕ್‌ಬಾಕ್ಸ್ ಕಡೆ ಹೋಗೋ ದಪ್ಪನೆ ಪೈಪು. ಅಷ್ಟೂ ಅವರು ತಾವೇ ಓದ್ಕೊಂಡ್ರು. ಆಮೇಲೆ ನಮ್ಮ ಪೈಪು. ನೆಲದ ಮೇಲೆ ಒಂದು ಮಂಡಿ ಊರಿ, ರನ್ನಿಂಗ್ ಬೋರ್ಡ್ ಕೆಳಗೆ ತಲೆ ಬಗ್ಗಿಸಿ, "ಬಾರೋ ಇಲ್ಲಿ" ಅಂದ್ರು. ಆ ಪೈಪು ಹಿಂದಕ್ಕೆ ಹೋಗಿ, ವಾಪಸ್ ತಿರುಗಿ, ಮತ್ತೆ ಹಿಂದಕ್ಕೆ ಹೋಗಿ ಗಾಳಿ ತುಂಬಿಡೋ ಒಂದು ಉದ್ದನೆ ಸಿಲಿಂಡರ್‌ಗೆ ಸೇರ್ತಿತ್ತು. ಅಷ್ಟು ಉದ್ದ ಯಾಕೆ ಸುತ್ತಿಸಿದ್ದಾರೆ, ನೇರ ಕೊಡಬಹುದಿತ್ತಲ್ಲ ಅಂತ ನಾನು ಕೇಳ್ದೆ. ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಗಾಳೀನ ಒತ್ತಿದ್ರೆ ಬಿಸಿ ಆಗತ್ತೆ. ಸೈಕಲ್ ಪಂಪ್ ಹೊಡೆದಾಗ ನೋಡಿಲ್ವಾ? ಬಿಸಿ ಗಾಳೀಲಿ ನೀರಿನ ಆವಿ ಇರತ್ತೆ, ಅದು ಮುಂದೆ ಹೋಗಿ ಬ್ರೇಕ್ ಪೈಪಲ್ಲಿ ನೀರಾದ್ರೆ ಈ ಚಳಿ ಊರಲ್ಲಿ ಹೆಪ್ಪುಗಟ್ಟಿ ಬ್ರೇಕೇ ಹಿಡಿಯಲ್ಲ. ಅದಕ್ಕೆ ದಾರೀಲೇ ತಣ್ಣಗೆ ಮಾಡಿ ನೀರು ಇಲ್ಲೇ ಬೀಳಿಸ್ತಾರೆ" ಅಂತ ಸಿಲಿಂಡರ್ ಕೆಳಗಿದ್ದ ಸಣ್ಣ ಡ್ರೈನ್ ಕಾಕ್ ತೋರಿಸಿದ್ರು. ಅಲ್ಲೇ ಎಣ್ಣೆ ಹಾಕ್ತಿದ್ದ ಕೆಲಸಗಾರ ನಮ್ಮ ಕೈ ಭಾಷೆ ನೋಡಿ ಹತ್ರ ಬಂದ. ನಾನು ಇಂಗ್ಲಿಷ್‌ನಲ್ಲಿ ಹೇಳ್ದೆ, ಅವನು ಅಪ್ಪನ ಮುಖ ನೋಡಿ ತಲೆಯಾಡಿಸಿ, ತನ್ನ ಗ್ಲೌಸ್ ಬಿಚ್ಚಿ ಕೈ ಕುಲುಕಿದ. ಏರ್ ಬ್ರೇಕ್ ಎಂಜಿನ್ ಮೇಲೆ ಒಂದು ದಿನವೂ ಕೆಲಸ ಮಾಡಿರದೋರು ಬರೀ ಪೈಪಿನ ದಾರಿ ನೋಡಿ ಅದರ ಕಾರಣ ಹೇಳಿದ್ರು.

ನಾನು ಚಿಕ್ಕೋನಿದ್ದಾಗ ಶೆಡ್ಡಿಗೆ ಕರ್ಕೊಂಡು ಹೋದಾಗಲೂ ಹೀಗೇ. ಇಂಜೆಕ್ಟರ್ ಹತ್ರ ನಿಲ್ಲಿಸಿ ಕೈ ಹಿಡಿದು ಒಂದು ಪೈಪಿನ ಹತ್ರ ಒಯ್ದು ಮುಟ್ಟಿಸೋರು, ತಣ್ಣಗಿದೆಯಾ, ಅದು ಟೆಂಡರ್‌ನಿಂದ ಬರೋ ನೀರು. ಇನ್ನೊಂದರ ಹತ್ರ ಕೈ ಒಯ್ದು ಅಷ್ಟು ದೂರದಲ್ಲೇ ನಿಲ್ಲಿಸೋರು, ಕಾವು ಬರ್ತಿದೆಯಾ, ಅದು ಬಾಯ್ಲರ್‌ಗೆ ಹೋಗ್ತಿರೋದು, ಮುಟ್ಬೇಡ. ತಣ್ಣಗಿರಬೇಕಾದ ಪೈಪು ಬಿಸಿಯಾದ್ರೆ ಇಂಜೆಕ್ಟರ್ ನೀರು ಎತ್ತಲ್ಲ, ಆಗ ಅದರ ಮೇಲೆ ಒದ್ದೆ ಬಟ್ಟೆ ಹಾಕಿ ತಣ್ಣೀರು ಹೊಯ್ಯೋರು. ಬಾಯ್ಲರ್‌ನಿಂದ ಬಂದ ಸ್ಟೀಮೇ ಅದೇ ಬಾಯ್ಲರ್‌ನ ಒತ್ತಡದ ವಿರುದ್ಧ ನೀರನ್ನ ಒಳಗೆ ತಳ್ಳತ್ತೆ ಅನ್ನೋದು ನಂಗೆ ಇವತ್ತಿಗೂ ಪವಾಡವೇ, 1858ರಲ್ಲಿ ಅದನ್ನ ಕಂಡುಹಿಡಿದ ಹೆನ್ರಿ ಜಿಫಾರ್ಡ್‌ಗೆ ದೊಡ್ಡ ನಮಸ್ಕಾರ. ಇಷ್ಟೆಲ್ಲ ಏಳನೇ ವಯಸ್ಸಲ್ಲೇ ಕೈಯಾರೆ ಗೊತ್ತಿತ್ತು, ಆದ್ರೂ ಮಾಡೆಲ್ ಮುಂದೆ ಕೂತಾಗ ಪೈಪು ಅಂದ್ರೆ ನಂಗೆ ಬರೀ ಅಲಂಕಾರ ಆಗಿಬಿಟ್ಟಿತ್ತಲ್ಲ ಅನ್ನೋದೇ ವಾಪಸ್ ಬರೋ ದಾರಿ ಉದ್ದಕ್ಕೂ ಕೊರೀತಿತ್ತು.

ಯಾವ ದಿನದ ಎಂಜಿನ್?

ಮನೆಗೆ ಬಂದು ಮಾಡೆಲ್ ಮೇಲಿದ್ದ ಒಂದೊಂದೇ ಪೈಪು ಹಿಡ್ಕೊಂಡು, ನೀನು ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ, ಒಳಗೆ ಏನು ತುಂಬಿದೆ ಅಂತ ಕೇಳ್ತಾ ಹೋದೆ. ಸ್ಟೀಮಾ, ನೀರಾ, ಗಾಳಿಯಾ, ಮರಳಾ, ಎಣ್ಣೆಯಾ. ಉತ್ತರ ಬರದ ಪೈಪುಗಳು ಹತ್ತಿರ ಹತ್ತಿರ ಒಂದು ಡಜನ್ ಸಿಕ್ಕಿದ್ವು, ಅದರಲ್ಲಿ ನಾಲ್ಕು ನಾನೇ ಸೇರಿಸಿದ್ದು! ಸ್ಯಾಂಡ್ ಡೋಮಿನಿಂದ ಇಳಿದ ಮರಳಿನ ಪೈಪು ಚಕ್ರ ಮತ್ತೆ ಹಳಿ ಸೇರೋ ಜಾಗಕ್ಕೆ ಮುಟ್ಟಬೇಕು, ನಂದು ಚಕ್ರದ ಮಧ್ಯಕ್ಕೆ ಬಂದು ನಿಂತಿತ್ತು. ಏರಿನಲ್ಲಿ ಚಕ್ರ ಜಾರಿದಾಗ ಅಲ್ಲಿ ಬೀಳೋ ಮರಳು ಯಾರಿಗೂ ಪ್ರಯೋಜನ ಇಲ್ಲ.

ಸರಿ, ತಿದ್ದೋಣ ಅಂತ ಹೊರಟ್ರೆ ಎದುರಾಗಿದ್ದು ಇನ್ನೊಂದು ಪ್ರಶ್ನೆ, ಇದು ಯಾವ ವರ್ಷದ 463? ಹೊಸದಾಗಿ ಬಂದಾಗ ಇವೆಲ್ಲ ವಾಕ್ಲೇನ್ ಕಾಂಪೌಂಡ್ ಎಂಜಿನ್‌ಗಳು, ಅಂದ್ರೆ ಒಂದೊಂದು ಪಕ್ಕಕ್ಕೂ ಎರಡೆರಡು ಸಿಲಿಂಡರ್, ಒಂದರಲ್ಲಿ ದುಡಿದ ಸ್ಟೀಮು ಇನ್ನೊಂದರಲ್ಲಿ ಮತ್ತೆ ದುಡಿಯೋ ವ್ಯವಸ್ಥೆ. ರಿಪೇರಿ ರಗಳೆ ಜಾಸ್ತಿ ಅಂತ ಕೆಲವೇ ವರ್ಷಕ್ಕೆ ಅದನ್ನ ತೆಗೆದು ಮಾಮೂಲಿ ಸಿಲಿಂಡರ್ ಹಾಕಿದ್ರು. ಆಮೇಲೆ ಕೆಲವಕ್ಕೆ ಸ್ಟೀಮನ್ನ ಇನ್ನಷ್ಟು ಕಾಯಿಸೋ ಸೂಪರ್‌ಹೀಟರ್ ಬಂತು, ಹೊರಗೆ ಸಿಲಿಂಡರಿಗೆ ಸ್ಟೀಮ್ ಬಿಡೋದನ್ನ ನಡೆಸೋ ವಾಲ್ಷಾರ್ಟ್ ವಾಲ್ವ್ ಗೇರ್ ಬಂತು, ಎಣ್ಣೆ ದೀಪ ಹೋಗಿ ಎಲೆಕ್ಟ್ರಿಕ್ ಹೆಡ್‌ಲೈಟು, ಅದಕ್ಕೊಂದು ಟರ್ಬೋ ಜನರೇಟರ್ ಬಂತು, ಚಳಿಗಾಲಕ್ಕೆ ಮುಂದೆ ಹಿಮ ತಳ್ಳೋ ನೇಗಿಲು ಬಂತು. ಶೆಡ್ಡಿಗೆ ಹೋದಾಗೆಲ್ಲ ಯಾವನೋ ಫಿಟ್ಟರ್ ಕೈಗೆ ಸಿಕ್ಕಿದ ವಾಲ್ವ್ ಹಾಕಿ, ಪೈಪು ಎರಡಂಗುಲ ಆಚೆ ಸರಿಸಿ ಕಳಿಸಿರ್ತಾನೆ. ಒಂದು ಪೈಪು 1930ರದ್ದು, ಪಕ್ಕದ ಪೈಪು 1950ರದ್ದು ಅಂತ ಹಾಕಿದ್ರೆ ಅಂಥ ಎಂಜಿನ್ ಭೂಮಿ ಮೇಲೆ ಯಾವತ್ತೂ ಇರ್ಲಿಲ್ಲ ಅಂತಾಯ್ತು. ಆದ್ದರಿಂದ ಈ ಕೆಲಸದಲ್ಲಿ ಇರೋರೆಲ್ಲ ಒಂದು ದಿನ ಆರಿಸ್ಕೋತಾರೆ. ಡೆನ್ವರ್ ಪಬ್ಲಿಕ್ ಲೈಬ್ರರಿಯಲ್ಲಿ ಆಟೋ ಪೆರ್ರಿ ಅನ್ನೋರು ತೆಗೆದ ಸುಮಾರು 20,000 ರೈಲು ಫೋಟೋಗಳಿವೆ. ಅವರು ಈ ಊರಲ್ಲಿ ಮನೆ ಮನೆಗೆ ಕಾಗದ ಹಂಚ್ತಿದ್ದ ಪೋಸ್ಟ್‌ಮ್ಯಾನ್, ರಜ ಸಿಕ್ಕಾಗೆಲ್ಲ ಕ್ಯಾಮೆರಾ ಹಿಡಿದು ಹಳಿ ಪಕ್ಕ ಹೋಗಿ ನಿಂತವರು. ಎಂಜಿನ್ ನಂಬರು, ಜಾಗ, ತಾರೀಕು ಬರೆದಿಟ್ಟಿದ್ದಾರೆ. ಒಬ್ಬ ಪೋಸ್ಟ್‌ಮ್ಯಾನ್ ಬರೆದಿಟ್ಟ ತಾರೀಕಿನಿಂದ ಇವತ್ತು ನಾವು ಒಂದು ಪೈಪಿನ ವಯಸ್ಸು ಹೇಳಬಹುದು ಅಂದ್ರೆ ಅದೇನು ಸಣ್ಣ ಕೊಡುಗೆನಾ.

ನಾನೂ ಮೊದಲು 1950ರ ಸುಮಾರಿನ 463 ಮಾಡೋಣ ಅಂತಲೇ ಇದ್ದೆ, ಎಲ್ಲರೂ ಮಾಡೋದೂ ಅದನ್ನೇ, ರಿಯೋ ಗ್ರಾಂಡೆ ಇನ್ನೂ ಗೂಡ್ಸ್ ಎಳೀತಿದ್ದ ಕಾಲ. ಎರಡು ವಾರ ಫೋಟೋಗಳನ್ನ ದೊಡ್ಡದು ಮಾಡಿ ಮಾಡಿ ನೋಡಿದೆ. ರನ್ನಿಂಗ್ ಬೋರ್ಡ್ ಕೆಳಗೆ ಎಲ್ಲಾ ಫೋಟೋದಲ್ಲೂ ಕಪ್ಪು. ಬೆಳಗಿನ ಹೊತ್ತು ಅಪ್ಪ ಮಂಡಿ ಊರಿ ತೋರಿಸಿದ ಆ ಜಾಗ ಮಾತ್ರ ನಂಗೆ ಕಣ್ಣಿಗೆ ಕಟ್ಟಿದ ಹಾಗಿತ್ತು, ಮೊಬೈಲಲ್ಲಿ 140 ಫೋಟೋ ಬೇರೆ ಇತ್ತು. ಕೊನೆಗೆ ನಿರ್ಧಾರ ಮಾಡ್ದೆ, ನನ್ನ ಮಾಡೆಲ್ ಆಗಬೇಕಾಗಿರೋದು ಅಪ್ಪ ನೋಡಿದ ದಿನದ 463. ರೀಸ್ಟೋರ್ ಆದ ಎಂಜಿನ್ನಿನ ಮಾಡೆಲ್ ಮಾಡೋದ್ರಲ್ಲಿ ಏನಿದೆ, ಅದು ಅಸಲಿ ಅಲ್ಲ ಅಂತ ಇಲ್ಲಿನ ಗೆಳೆಯರೊಬ್ಬರು ಬೇಜಾರು ಮಾಡ್ಕೊಂಡ್ರು. ನಂಗೆ ಹಾಗನ್ಸಲ್ಲ. 1903ರಿಂದ ರಿಪೇರಿ ಆಗ್ತಾನೇ ಬಂದಿರೋ ಎಂಜಿನ್ ಅದು, ಚಾಮಾದಲ್ಲಿ ಆ ಬೆಳಗ್ಗೆ ಅದು ನಿಜವಾಗಿ ಬೆಂಕಿ ತಿಂದು ನೀರು ಕುಡಿದು ಬೆಟ್ಟ ಹತ್ತಿತು, ನಾನು ಕಣ್ಣಾರೆ ನೋಡಿದ್ದೀನಿ.

ಕಲಾಯಿ

ಕೆಲಸಕ್ಕೆ ಬರೋಣ. ಪೈಪು ಅಂದ್ರೆ ಮಾಡೆಲ್‌ನಲ್ಲಿ ತಂತಿ. ನಿಜವಾದ ಒಂದಿಂಚಿನ ಪೈಪಿನ ಹೊರಗಿನ ಅಳತೆ 33 ಮಿಲಿಮೀಟರ್ ಚಿಲ್ಲರೆ, ಅದನ್ನ 87ರಿಂದ ಭಾಗಿಸಿದ್ರೆ 0.38. ಅರ್ಧ ಇಂಚಿನ ಪೈಪಿಗೆ ಕಾಲು ಮಿಲಿಮೀಟರ್ ತಂತಿ. ಹಳೇ ಮಾಡೆಲ್‌ಗಳಲ್ಲಿ ಎಲ್ಲಾ ಪೈಪಿಗೂ ಒಂದೇ ದಪ್ಪದ ತಂತಿ ಹಾಕಿರ್ತಾರೆ, ಕಣ್ಣಿಗೆ ಏನೋ ಸರಿಯಿಲ್ಲ ಅನ್ಸತ್ತೆ, ಏನು ಅಂತ ಗೊತ್ತಾಗಲ್ಲ. ನಾನು ಇವನ್ನ ಬಿಡಿಸಿ ನಾಲ್ಕು ದಪ್ಪದ ತಂತಿಯಲ್ಲಿ ಮತ್ತೆ ಎಳೆದೆ, ಅಷ್ಟಕ್ಕೇ ಎಂಜಿನ್ ಮುಖವೇ ಬದಲಾಯ್ತು, ಇನ್ನೂ ಒಂದು ಹೊಸ ಭಾಗವೂ ಸೇರಿಸಿರ್ಲಿಲ್ಲ. ಸೂಪರ್‌ಡೀಟೇಲಿಂಗ್ ಅಂದ್ರೆ ಸೇರಿಸೋದು ಅನ್ಕೊಂಡಿದ್ದೆ, ನನ್ನ ಅನುಭವದಲ್ಲಿ ಅರ್ಧಕ್ಕರ್ಧ ತೆಗೆಯೋದು, ಅರದಲ್ಲಿ ಉಜ್ಜಿ ತೆಳ್ಳಗೆ ಮಾಡೋದು. ವಾಲ್ವ್, ಇಂಜೆಕ್ಟರ್ ಥರದ ಎರಕದ ಭಾಗಗಳನ್ನ ಪ್ರಿಸಿಷನ್ ಸ್ಕೇಲ್, ಕ್ಯಾಲ್ ಸ್ಕೇಲ್ ಥರದೋರು ಮಾರ್ತಾರೆ, ಅಕ್ಕಿಕಾಳಿನಷ್ಟು ಇರತ್ತೆ, ಅದರಲ್ಲೂ ಬೋಲ್ಟಿನ ತಲೆ ಕಾಣತ್ತೆ. ಮಾಡೋ ವಿಧಾನ ನಮಗೆ ಹೊಸದೇನಲ್ಲ, ಮೇಣದಲ್ಲಿ ಮೊದಲು ಮಾಡಿ, ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದು ಆ ಜಾಗಕ್ಕೆ ಲೋಹ ಹೊಯ್ಯೋದು, ನಮ್ಮಲ್ಲಿ ದೇವರ ವಿಗ್ರಹ ಎರಕ ಹೊಯ್ಯೋರು ಮಾಡೋದೂ ಅದನ್ನೇ.

ಬೆಸುಗೆಯೇ ಕಷ್ಟದ್ದು. ಹಿತ್ತಾಳೆಗೆ ಕಾವು ಬೇಗ ಹರಡತ್ತೆ, ಇಲ್ಲಿ ಬೆಸುಗೆ ಹಾಕಿದ್ರೆ ಅಲ್ಲಿ ಇನ್ನೊಂದು ಬಿಚ್ಕೊಳತ್ತೆ. ಅದಕ್ಕೆ ಮೊದಲು ಬೆಳ್ಳಿ ಸೇರಿದ ಬೆಸುಗೆ, ಅದು 221 ಡಿಗ್ರಿಗೆ ಕರಗೋದು, ಆಮೇಲೆ ಅದರ ಅಕ್ಕಪಕ್ಕ 190ರ ಒಳಗೆ ಕರಗೋ ತವರ ಸೀಸದ್ದು, ಹೀಗೆ ಇಳೀತಾ ಹೋಗ್ಬೇಕು. ಅಕ್ಕಪಕ್ಕದ ಭಾಗಕ್ಕೆ ಒದ್ದೆ ಟಿಶ್ಯೂ ಸುತ್ತಬೇಕು. ಎಷ್ಟೇ ಮಾಡಿದ್ರೂ ಮೊದಮೊದಲು ನನ್ನ ಬೆಸುಗೆ ಉಂಡೆ ಉಂಡೆಯಾಗಿ ನಿಲ್ತಿತ್ತು, ಹರೀತಾನೇ ಇರ್ಲಿಲ್ಲ. ಅದನ್ನ ಸರಿ ಮಾಡಿದ್ದು ಅಮ್ಮ. ಬೇಸ್‌ಮೆಂಟಲ್ಲಿ ಬೆಸುಗೆ ಹರಿಯೋಕೆ ಹಚ್ಚೋ ಫ್ಲಕ್ಸಿನ ಹೊಗೆ ಎದ್ದಿದ್ದು ನೋಡಿ, "ಏನೋ ಇದು, ಕಲಾಯಿ ಸಾಬರು ಬಂದ ಹಾಗಿದೆ" ಅಂದ್ರು.

ಆ ಮಾತಿಗೆ ನಮ್ಮ ಬೀದಿಯೇ ಕಣ್ಮುಂದೆ ಬಂತು. ವರ್ಷಕ್ಕೆ ಎರಡು ಸಲ ಕಲಾಯಿ ಸಾಬರು ಬಂದು ಮೂಲೆಮನೆ ಹೊಂಗೆಮರದ ಕೆಳಗೆ ಗುಂಡಿ ತೋಡಿ ತಿದಿ ಹೂಡ್ತಿದ್ರು, ಬೀದಿಯ ಹಿತ್ತಾಳೆ ಪಾತ್ರೆಗಳೆಲ್ಲ ಸಾಲಾಗಿ ಬಂದು ಕೂರ್ತಿದ್ವು. ಪಾತ್ರೇನ ಮೊದಲು ಮರಳು ಹಾಕಿ ತಿಕ್ಕಿ ತಿಕ್ಕಿ ಒಂದು ಚೂರು ಜಿಡ್ಡು ಇಲ್ಲದ ಹಾಗೆ ಮಾಡೋರು. ಆಮೇಲೆ ಪಾತ್ರೆಯನ್ನೇ ಕಾಯಿಸೋರು, ತವರವನ್ನ ಅಲ್ಲ. ಪಾತ್ರೆ ಸಾಕಷ್ಟು ಕಾದ ಮೇಲೆ ತವರದ ಕಡ್ಡಿ ಮುಟ್ಟಿಸಿದ್ರೆ ತಾನೇ ಕರಗೋದು, ನವಸಾಗರ ಉದುರಿಸಿದ ತಕ್ಷಣ ಬುಸ್ಸಂತ ಬಿಳೀ ಹೊಗೆ, ಹತ್ತಿ ಹಿಡಿದು ಒಂದು ಸುತ್ತು ಒರೆಸಿದ್ರೆ ಒಳಗೆಲ್ಲ ಬೆಳ್ಳಿ. ಕೊನೆಗೆ ನೀರಿಗೆ ಅದ್ದಿದಾಗ ಚುಂಯ್ ಅನ್ನೋ ಸದ್ದು, ಅದನ್ನ ಕೇಳೋಕೇ ನಾವು ಹುಡುಗ್ರು ಕಾಯ್ತಿದ್ದದ್ದು. ನಾನು ಬೆಸುಗೆಯನ್ನ ಐರನ್ ಮೇಲೆ ಕರಗಿಸಿ ತಂದು ತಣ್ಣನೆ ಹಿತ್ತಾಳೆ ಮೇಲೆ ಅಂಟಿಸ್ತಿದ್ದೆ. ಅಮ್ಮನ ಮಾತಾದ ಮೇಲೆ ಸಾಬರ ಕ್ರಮವನ್ನೇ ಹಿಡಿದೆ, ಗಾಜಿನ ಕೂದಲಿನ ಬ್ರಷ್‌ನಲ್ಲಿ ಹಿತ್ತಾಳೆ ಹೊಸದಾಗಿ ಕಾಣೋ ತನಕ ಉಜ್ಜಿ, ಫ್ಲಕ್ಸ್ ಹಚ್ಚಿ, ಎರಡೂ ಭಾಗಕ್ಕೆ ಬೇರೆ ಬೇರೆ ತೆಳ್ಳಗೆ ಕಲಾಯಿ ಮಾಡಿ, ಆಮೇಲೆ ಸೇರಿಸಿ ಹಿತ್ತಾಳೆಯನ್ನ ಕಾಯಿಸಿದ್ರೆ ಬೆಸುಗೆ ಒಳಗೆ ಎಳ್ಕೊಂಡ ಹಾಗೆ ಓಡಿ ಹೋಗತ್ತೆ, ಹೊರಗೆ ಒಂದು ಗೆರೆ ಕೂಡ ಕಾಣಲ್ಲ. ಕೆಲಸ ಮುಗಿದ ಮೇಲೆ ಫ್ಲಕ್ಸ್ ಹೋಗೋಕೆ ಇಲ್ಲಿನೋರು ಸಿಟ್ರಿಕ್ ಆಸಿಡ್ ಹಾಕ್ತಾರೆ, ನಾನು ಹುಣಸೆಹಣ್ಣಿನ ನೀರಲ್ಲಿ ಮೆತ್ತನೆ ಬ್ರಷ್ ಅದ್ದಿ ತೊಳೀತೀನಿ. ಅಮ್ಮ ದೀಪದ ಕಂಬ ತಿಕ್ತಿದ್ದದ್ದೂ ಅದರಲ್ಲೇ, ಚೆನ್ನಾಗಿ ಬಿಡತ್ತೆ. ಆಮೇಲೆ ಬಿಸಿನೀರಲ್ಲಿ ಎರಡು ಸಲ ತೊಳೆಯೋದು ಮಾತ್ರ ಮರೀಬಾರ್ದು, ಹುಳಿ ಉಳಿದ್ರೆ ಒಂದು ತಿಂಗಳಿಗೆ ಹಸಿರು ಹತ್ತತ್ತೆ.

ಒಳಗಿದ್ದ ಗುರುತು

ಹಳೇ ಹಿತ್ತಾಳೆ ಮಾಡೆಲ್ ಮುಟ್ಟಬಾರದು ಅನ್ನೋ ಒಂದು ದೊಡ್ಡ ಗುಂಪಿದೆ. ಡಬ್ಬಿ, ಹಳೇ ಸ್ಪಂಜು, ಚೀಟಿ ಎಲ್ಲಾ ಹಾಗೇ ಇದ್ರೆ ಬೆಲೆ, ಬಿಡಿಸಿದ್ರೆ ಬೆಲೆ ಹೋಯ್ತು. ಬೆಲೆಯ ಮಾತು ನಂಗೆ ಅಷ್ಟು ಮುಖ್ಯ ಅಲ್ಲ. ಆದ್ರೆ ಅದರ ಹಿಂದೆ ಇನ್ನೊಂದು ಮಾತಿದೆ, ಅದು ಮಾತ್ರ ನನ್ನನ್ನ ಬಹಳ ದಿನ ಕಾಡ್ತು. ಯಾರೋ ಒಬ್ಬರು ಕಣ್ಣು ಕೀಲಿಸಿ ಕೂತು ಹಾಕಿದ ಬೆಸುಗೆ ಅದು, ಅದನ್ನ ಬಿಚ್ಚೋಕೆ ನಾನು ಯಾರು?

ಎಡಗಡೆ, ಬಾಯ್ಲರ್‌ಗೆ ಹೋದ ನೀರು ವಾಪಸ್ ಬರದ ಹಾಗೆ ತಡೆಯೋ ಚೆಕ್ ವಾಲ್ವ್ ಕೂರಿಸುವಾಗ ಕಾವು ಜಾಸ್ತಿಯಾಗಿ ಬಾಯ್ಲರ್ ಮೇಲಿನ ಸ್ಯಾಂಡ್ ಡೋಮೇ ಬಿಚ್ಕೊಂಡು ಬಂತು. ಎದೆ ಧಸಕ್ಕಂತು. ಡೋಮ್ ಎತ್ತಿ ನೋಡಿದ್ರೆ ಅದರ ಒಳಗೋಡೆಯಲ್ಲಿ ಮೊಳೆಯಲ್ಲಿ ಗೀಚಿದ ಹಾಗೆ ಒಂದು ಸಣ್ಣ ಗುರುತು, ಬಾಯ್ಲರ್ ಮೇಲೆ ಡೋಮ್ ಕೂರೋ ಜಾಗದಲ್ಲೂ ಅದೇ ಗುರುತು. ಈ ಡೋಮ್ ಈ ಬಾಯ್ಲರ್‌ಗೇ ಅಂತ ಜೊತೆ ಮಾಡಿಟ್ಟಿದ್ದು. ಡೋಮಿನ ಬುಡವನ್ನ ಆ ಬಾಯ್ಲರಿನ ದುಂಡಿಗೆ ಸರಿಯಾಗಿ ಕೂರೋ ಹಾಗೆ ಕೈಯಲ್ಲೇ ಅರ ಹಾಕಿ ತಿದ್ದಿದ್ದಾರೆ, ಅರದ ಗೆರೆಗಳು ಇನ್ನೂ ಇದ್ವು. ಬೆಸುಗೆ ಬುಡದ ಒಳಗಡೆ ಮಾತ್ರ, ಒಂದು ಕೂದಲೆಳೆಯಷ್ಟೂ ಹೊರಗೆ ಬಂದಿಲ್ಲ. ನಾನು ಎಷ್ಟೋ ಹೊತ್ತು ಅದನ್ನೇ ನೋಡ್ತಾ ಕೂತಿದ್ದೆ. ಹೊರಗೆ ಯಾರಿಗೂ ಕಾಣದ ಜಾಗದಲ್ಲಿ ಇಷ್ಟು ಮಾಡಿದೋರು ಇಂಥ ಪೈಪನ್ನ ಅರ್ಧಕ್ಕೆ ಬಿಟ್ಟಿದ್ದು ಸೋಮಾರಿತನಕ್ಕಲ್ಲ, ಅವರಿಗೆ ಅಲ್ಲಿ ಮುಂದೆ ಏನಿದೆ ಅಂತ ಹೇಳೋರು ಇರ್ಲಿಲ್ಲ. ನಂಗೆ ಹೇಳೋರು ಇದ್ರು. ಡೋಮನ್ನ ಗುರುತಿಗೆ ಗುರುತು ಸೇರಿಸಿ ವಾಪಸ್ ಕೂರಿಸಿದೆ, ಅವರ ಬೆಸುಗೆ ಎಷ್ಟಿತ್ತೋ ಅಷ್ಟೇ ಹಾಕಿದೆ. ಅವತ್ತಿಂದ ಒಂದು ನಿಯಮ ಮಾಡ್ಕೊಂಡಿದೀನಿ, ಬಿಚ್ಚಿದ ಹಳೇ ತಂತಿ, ಹಳೇ ಗಂಟೆ, ಹಳೇ ಮೋಟರ್ ಯಾವುದನ್ನೂ ಎಸೆಯಲ್ಲ, ಒಂದು ಸಣ್ಣ ಡಬ್ಬಿಯಲ್ಲಿ ಹೆಸರು ಬರೆದು ಹಾಕಿ ಮಾಡೆಲ್ ಡಬ್ಬಿಯಲ್ಲೇ ಇಟ್ಟಿದೀನಿ.

ಮೋಟರ್ ಅಂದೆನಲ್ಲ, ಓಡೋ ಭಾಗದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹಳೇ ಓಪನ್ ಫ್ರೇಮ್ ಮೋಟರ್ ತೆಗೆದು ಕೋರ್‌ಲೆಸ್ ಹಾಕಿದೆ, ಗೇರ್‌ಬಾಕ್ಸ್ ಬದಲಾಯಿಸಿದೆ. ಹಳೇ ಕ್ರಮದಲ್ಲಿ ಎಂಜಿನ್ ಒಂದು ಹಳಿಯಿಂದ, ಟೆಂಡರ್ ಇನ್ನೊಂದು ಹಳಿಯಿಂದ ಕರೆಂಟ್ ತಗೊಳತ್ತೆ, ಅದಕ್ಕೆ ಟೆಂಡರ್‌ನ ಇನ್ನೊಂದು ಕಡೆಗೂ ತೆಳ್ಳನೆ ಕಂಚಿನ ತಂತಿಯ ವೈಪರ್ ಹಾಕಿದ ಮೇಲೆ ಪಾಯಿಂಟ್ಸ್ ಮೇಲೆ ನಿಂತು ಹೋಗೋದು ತಪ್ಪಿತು. ಈಗ ನಡಿಗೆ ವೇಗಕ್ಕಿಂತ ನಿಧಾನಕ್ಕೆ ಹೋಗತ್ತೆ, ಕೌಂಟರ್‌ವೇಟ್ ಒಂದೊಂದೇ ಮೇಲೆದ್ದು ಇಳಿಯೋದು ನೋಡಬಹುದು. ಮಡ್‌ಹೆನ್ ನೋಡೋ ಸೊಗಸೇ ಅದು.

ಕಾಣದ ಒಂದೂವರೆ ಅಂಗುಲ

ಏರ್ ಪಂಪ್ ಪೈಪನ್ನ ಕೊನೆಗೆ ಇಟ್ಕೊಂಡಿದ್ದೆ. ರನ್ನಿಂಗ್ ಬೋರ್ಡ್ ಕೆಳಗೆ ಹಿಂದಕ್ಕೆ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ ಸಿಲಿಂಡರ್ ಸೇರೋದು. ಹಳಿ ಮೇಲೆ ನಿಲ್ಲಿಸಿದ್ರೆ ಇದು ಕಾಣೋದೇ ಇಲ್ಲ, ಮಾಡೆಲ್ ಮಗುಚಿ ಬೆಳಕು ಬಿಟ್ಟು ನೋಡಿದ್ರೆ ಮಾತ್ರ ಕಾಣತ್ತೆ. ಅದಕ್ಕೆ ಮೂರು ಭಾನುವಾರ ಹಿಡೀತು. ಒಂದೇ ತಂತಿಯಲ್ಲಿ ಎರಡು ತಿರುವು ಬಗ್ಗಿಸೋದಕ್ಕೆ ಮರದ ತುಂಡಿಗೆ ಮೂರು ಪಿನ್ ಹೊಡೆದು ಅಚ್ಚು ಮಾಡ್ಕೊಂಡೆ. ಮೊದಲ ಏಳು ತಂತಿ ತಿರುವಲ್ಲಿ ಚಪ್ಪಟೆಯಾದ್ವು, ಎಂಟನೇದನ್ನ ಸ್ವಲ್ಪ ಕಾಯಿಸಿ ಮೆತ್ತಗೆ ಮಾಡಿ ಬಗ್ಗಿಸಿದಾಗ ದುಂಡಗೆ ಬಂತು. ಪೈಪು ಹಿಡಿಯೋ ಕ್ಲಾಂಪ್ ನಾಲ್ಕು, 0.3 ಮಿಲಿಮೀಟರ್ ಡ್ರಿಲ್ ಕೈಯಲ್ಲೇ ತಿರುಗಿಸಿ ತೂತು ಹಾಕಿದ್ದು, ಎರಡು ಡ್ರಿಲ್ ಮುರೀತು. ಸಿಲಿಂಡರ್ ಕೆಳಗೆ ಡ್ರೈನ್ ಕಾಕ್ ಕೂಡ ಇದೆ, ಸಾಸಿವೆಗಿಂತ ಸಣ್ಣದು. ಹೆಂಡತಿ ಕೇಳಿದ್ಳು, ಯಾರಿಗೂ ಕಾಣಲ್ವಲ್ಲ ಅಂತ. ಮಗುಚಿ ತೋರಿಸ್ದೆ. ಅವಳೂ ಭೂತಗನ್ನಡಿ ಹಿಡಿದು ಪಂಪಿನಿಂದ ಸಿಲಿಂಡರ್ ತನಕ ದಾರಿ ಹುಡುಕ್ಕೊಂಡು ಹೋಗಿ, ಆಮೇಲೆ ಇಲ್ಲಿಂದ ಎಲ್ಲಿಗೆ ಅಂದ್ಳು. ಕ್ಯಾಬಲ್ಲಿರೋ ಡ್ರೈವರ್‌ನ ಬ್ರೇಕ್ ವಾಲ್ವಿಗೆ ಅಂತ ಆ ಪೈಪನ್ನೂ ತೋರಿಸ್ದೆ.

ಹೋದ ತಿಂಗಳು ಬಣ್ಣ ಹೊಡೆಯೋಕೆ ಎಲ್ಲಾ ಸಿದ್ಧ ಮಾಡ್ಕೊಂಡೆ. ಬಣ್ಣ ಹೊಡೆದ ಮೇಲೆ ಬೆಸುಗೆ ಕೆಲಸ ಮಾಡೋ ಹಾಗಿಲ್ಲ, ಅದಕ್ಕೆ ಮೊದಲು ಮೈಸೂರಿಗೆ ವಿಡಿಯೋ ಕಾಲ್ ಮಾಡ್ದೆ. ಅಪ್ಪನಿಗೆ ಈಗ ಕಣ್ಣು ಮೊದಲಿನ ಹಾಗಿಲ್ಲ, ಫೋನನ್ನ ಮುಖದ ಹತ್ರ ಹಿಡ್ಕೊಂಡು, "ಇನ್ನೂ ಹತ್ರ ತಾ, ಬೆಳಕು ಈ ಕಡೆಯಿಂದ ಬಿಡು" ಅಂತ ಹೇಳಿ ಹೇಳಿ ನೋಡಿದ್ರು. ನಾನು ಒಂದು ಸೂಜಿ ಹಿಡಿದು ಪಂಪಿನಿಂದ ಶುರು ಮಾಡಿ ತಿರುವು, ತಿರುವು, ಸಿಲಿಂಡರ್, ಡ್ರೈನ್ ಕಾಕ್, ಕ್ಯಾಬು ಅಂತ ಪೂರ್ತಿ ದಾರಿ ತೋರಿಸ್ದೆ. ಅಪ್ಪ ಹೂಂ, ಹೂಂ ಅಂತಿದ್ರು. ಸೂಜಿ ಕ್ಯಾಬ್ ಮುಟ್ಟಿದ ಮೇಲೆ ಒಂದು ಕ್ಷಣ ಬಿಟ್ಟು, "ಸರಿ ಇದೆ" ಅಂದ್ರು. ನಾನು ಫೋನ್ ಕೆಳಗಿಡೋಷ್ಟರಲ್ಲಿ, "ಇರು ಇರು, ಕ್ಯಾಬ್ ಕೆಳಗೆ ಇಂಜೆಕ್ಟರ್ ತೋರ್ಸು. ಅದರ ಓವರ್‌ಫ್ಲೋ ಪೈಪು ಎಲ್ಲಿ ಬಿಟ್ಟಿದ್ದೀಯ?"

ಬಣ್ಣದ ಡಬ್ಬಿ ಮುಚ್ಚಿ ಇಟ್ಟಿದೀನಿ. ಕಾಲು ಮಿಲಿಮೀಟರ್ ತಂತಿ ಇನ್ನೂ ಒಂದು ಮೊಳ ಉಳಿದಿದೆ, ಈ ಭಾನುವಾರ ಕೂರ್ತೀನಿ.